ಎಲ್ಲಿಗೆ ಹೋಗ್ತೀನಿ ಅಂದ?

ಆಂಧ್ರದ ವಿ.ಕೋಟದ ಕಡೆಯ ಟೊಮೆಟೊ ವ್ಯಾಪಾರಿಯೊಬ್ಬ ಕೋಲಾರ ಜಿಲ್ಲೆಯ ಬೇತಮಂಗಲದ ರೈತನಿಗೆ ಫೋನು ಮಾಡಿ, ತೆಲುಗಿನಲ್ಲಿ "ರೇಪು ವಸ್ತಾನು, ಡಬ್ಬುಲು ಇಸ್ತಾನು" ಅಂದನೆಂದು ಇಟ್ಟುಕೊಳ್ಳಿ. ರೈತ ಮನೆಯವರಿಗೆ ಈ ಸುದ್ದಿ ಮುಟ್ಟಿಸುವುದು ಕನ್ನಡದಲ್ಲಿ: "ನಾಳೆ ಬತ್ತೀನಿ, ದುಡ್ಡು ಕೊಡ್ತೀನಿ ಅಂದವ್ನೆ." ಅದೇ ಸುದ್ದಿ ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಗೊಬ್ಬರದಂಗಡಿಗೆ ಹೋದಾಗ ತಮಿಳಾಗುತ್ತದೆ: "ನಾಳೈಕ್ಕು ವರೇನ್, ಕಾಸು ತರೇನ್ನು ಸೊನ್ನಾರು." ಕಾಯಿ ಸಾಗಿಸುವ ಟೆಂಪೊದವನ ಮನೆಯಲ್ಲಿ ಅದು ದಖನಿ ಉರ್ದು: "ಕಲ್ ಆತೂಂ, ಪೈಸೇ ದೇತೂಂ ಬೋಲ್ಕೆ ಬೋಲ್ಯಾ." ಮೂರೂ ಕಡೆ ವ್ಯಾಪಾರಿ "ನಾನು" ಎಂಬ ದನಿಯಲ್ಲೇ ಮಾತಾಡುತ್ತಾನೆ, ಮೂರೂ ಕಡೆ ಇದು ಅವನದೇ ಮಾತು ಎಂದು ಕೇಳಿದವರು ಒಪ್ಪುತ್ತಾರೆ. ಆದರೆ ಆ ಮೂರು ವಾಕ್ಯಗಳಲ್ಲಿ ಒಂದೇ ಒಂದು ಪದವೂ ಅವನ ಬಾಯಿಂದ ಬಂದದ್ದಲ್ಲ. ಹಾಗಂತ ರೈತನನ್ನು ಸುಳ್ಳುಗಾರ ಎಂದು ಯಾರೂ ಕರೆಯುವುದಿಲ್ಲ. ನಾಳೆ ವ್ಯಾಪಾರಿ ಬಾರದೆ ಹೋದರೆ ಬೈಸಿಕೊಳ್ಳುವವನು ವ್ಯಾಪಾರಿಯೇ ಹೊರತು, ಅವನ ತೆಲುಗನ್ನು ಕನ್ನಡ ಮಾಡಿದ ರೈತನಲ್ಲ.

ನೇರ ಮಾತು ಎಂದರೆ ಆಡಿದವರ ಮಾತನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸುವುದು, ಪರೋಕ್ಷ ಮಾತು ಎಂದರೆ ಅದರ ಸಾರವನ್ನು ನಮ್ಮ ಮಾತಿನಲ್ಲಿ ಹೇಳುವುದು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಒಂದಕ್ಕೆ ಉದ್ಧರಣ ಚಿಹ್ನೆ ಬೇಕು, ಇನ್ನೊಂದಕ್ಕೆ ಬೇಡ. ಒಂದನ್ನು ಇನ್ನೊಂದಾಗಿಸುವಾಗ "ನಾನು" ಹೋಗಿ "ಅವನು" ಬರಬೇಕು, "ನಾಳೆ" ಹೋಗಿ "ಮರುದಿನ" ಬರಬೇಕು. ಇಂಗ್ಲಿಷ್ ವ್ಯಾಕರಣದ ಪಾಠದಲ್ಲಿ ಹುಟ್ಟಿದ ಈ ಲೆಕ್ಕವನ್ನು ಕನ್ನಡದ ಪಾಠಕ್ಕೂ ಹಾಗೆಯೇ ತಂದುಕೊಂಡಿದ್ದೇವೆ. ಬೇತಮಂಗಲದಂಥ ಊರಿನಲ್ಲಿ ದಿನಕ್ಕೆ ನೂರು ಸಲ ನಡೆಯುವ ವರದಿಯ ಮಾತನ್ನು ಈ ಲೆಕ್ಕಕ್ಕೆ ಹಿಡಿದರೆ ಅದು ತಾಳೆಯಾಗುವುದಿಲ್ಲ. ಈ ಅಧ್ಯಾಯದ ವಾದ ಇಷ್ಟು: ಮತ್ತೊಬ್ಬರ ಮಾತನ್ನು ಹೇಳುವುದು ಮೂಲತಃ ಪದಗಳ ನಕಲು ತೆಗೆಯುವ ಕೆಲಸವಲ್ಲ. ಸ್ವಲ್ಪ ಹೊತ್ತು ಆ ಮತ್ತೊಬ್ಬರ ಜಾಗದಲ್ಲಿ ನಿಂತು ಮಾತಾಡುವ ಕೆಲಸ ಅದು. ಪದಕ್ಕೆ ಪದ ಒಪ್ಪಿಸುವುದು ಭಾಷೆಯ ಸಹಜ ಗುಣವಲ್ಲ. ಬರವಣಿಗೆ, ನ್ಯಾಯಾಲಯ, ಅಚ್ಚುಕೂಟ, ಶಾಸ್ತ್ರಪಾಠಗಳು ಅದರ ಮೇಲೆ ಕಟ್ಟಿದ ಒಂದು ಶಿಸ್ತು. ಇವೆರಡನ್ನೂ ಒಂದೇ ಎಂದುಕೊಂಡಾಗ ಎರಡೂ ಅರ್ಥವಾಗುವುದಿಲ್ಲ.

ಈ ವಾದವನ್ನು ಪರೀಕ್ಷಿಸಲು ಬೇತಮಂಗಲಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಶಾಸನಗಳಲ್ಲಿ ವಿಜಯಾದಿತ್ಯಮಂಗಲ ಎಂದು ಕಾಣಿಸಿಕೊಳ್ಳುವ ಈ ಹಳೆಯ ಊರು ಪಾಲಾರ್ ನದಿಯ ದಂಡೆಯಲ್ಲಿದೆ. ಕೋಲಾರ ಜಿಲ್ಲೆಯಲ್ಲಿ ಹರಿಯುವ ಆ ನದಿ ಆಂಧ್ರದ ನೆಲ ದಾಟಿ ತಮಿಳುನಾಡಿನಲ್ಲಿ ಕಡಲು ಸೇರುತ್ತದೆ. ನದಿಯಂತೆ ಊರಿನ ಮಾತಿಗೂ ಮೂರು ರಾಜ್ಯಗಳ ನಂಟು. ಸುತ್ತಲ ಹಳ್ಳಿಗಳಲ್ಲಿ ತೆಲುಗು ಮನೆಮಾತಾಗಿ ಕನ್ನಡ ಶಾಲೆಯ, ಕಚೇರಿಯ ಮಾತಾಗಿರುವ ಕುಟುಂಬಗಳು ಬೇಕಾದಷ್ಟಿವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗಾರಿಕೆಗೆ ಕೈಹಾಕಿದ ಮೇಲೆ ಆರ್ಕಾಟ್ ಸೀಮೆಯಿಂದ ಬಂದ ಕಾರ್ಮಿಕರ ತಮಿಳು ಕೆಜಿಎಫ್‌ನ ಲೈನುಮನೆಗಳ ಮಾತಾಯಿತು. ಗಣಿಗಳಿಗೂ ಗಣಿಯ ಜನಕ್ಕೂ ನೀರು ಹೋದದ್ದು ಬೇತಮಂಗಲದ ಕೆರೆಯಿಂದ. ಹಿಂದೆ ತಾಲ್ಲೂಕಿನ ಕೇಂದ್ರವಾಗಿದ್ದ ಊರು ರೈಲು ಬಂದ ಮೇಲೆ ಆ ಪಟ್ಟವನ್ನು ಇಂದಿನ ಬಂಗಾರಪೇಟೆಗೆ ಬಿಟ್ಟುಕೊಟ್ಟಿತು; ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ಅದು. ಮುಸ್ಲಿಂ ಮನೆಗಳ ದಖನಿ ಉರ್ದು ಇವೆಲ್ಲದರ ಜೊತೆಗೆ ಇದ್ದೇ ಇದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಆದರೆ ನಾಲ್ಕು ಭಾಷೆಗಳ ನಡುವಿನ ಓಡಾಟ ನಿಲ್ಲಲಿಲ್ಲ. ಇಂಥ ಕಡೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುವುದೆಂದರೆ ಎಷ್ಟೋ ಸಲ ಭಾಷೆ ದಾಟಿಸುವುದು ಎಂದೇ ಅರ್ಥ. ನಕಲಿನ ವಾದ ಸರಿಯಾಗಿದ್ದರೆ ಇಲ್ಲಿ ನೇರ ಮಾತು ಅಪರೂಪವಾಗಿರಬೇಕಿತ್ತು. ಅದು ಎಲ್ಲರ ಬಾಯಲ್ಲೂ ಸದಾ ಇದೆ.

ಮೇಲಿನ ಉದಾಹರಣೆಯ ನಾಲ್ಕು ಭಾಷೆಗಳ ಕಟ್ಟಡವನ್ನು ಗಮನಿಸಿ. ಕನ್ನಡದಲ್ಲಿ "ಬರ್ತೀನಿ ಅಂತ ಹೇಳ್ದ", ತೆಲುಗಿನಲ್ಲಿ "ವಸ್ತಾನನಿ ಚೆಪ್ಪಾಡು", ತಮಿಳಿನಲ್ಲಿ "ವರೇನ್ನು ಸೊನ್ನಾನ್". ಮೊದಲು ಆಡಿದ ಮಾತು, ಆಮೇಲೆ "ಅನ್ನು" ಎಂಬ ಅರ್ಥದ ಧಾತುವಿನಿಂದ ಬಂದ ಒಂದು ಸಣ್ಣ ಕೊಂಡಿ, ಕೊನೆಗೆ ಕ್ರಿಯಾಪದ. ಈ ಮೂರೂ ದ್ರಾವಿಡ ಭಾಷೆಗಳು, ಹೋಲಿಕೆ ಸಹಜ ಎನ್ನಬಹುದು. ಆದರೆ ಉತ್ತರದ ಹಿಂದಿ–ಉರ್ದುವಿನಲ್ಲಿ ಕೊಂಡಿ ಮಾತಿನ ಹಿಂದಲ್ಲ, ಮುಂದೆ ಬರುತ್ತದೆ: "ಉಸ್‌ನೇ ಕಹಾ ಕಿ". ಆ "ಕಿ"ಯನ್ನು ಪಕ್ಕಕ್ಕಿಟ್ಟು ದಖನಿ ತನ್ನದೇ "ಬೋಲ್" ಧಾತುವಿನಿಂದ "ಬೋಲ್ಕೆ" ಎಂಬ ಕೊಂಡಿ ಮಾಡಿಕೊಂಡು, ಅದನ್ನು ಕನ್ನಡ, ತೆಲುಗುಗಳ "ಅಂತ", "ಅನಿ" ನಿಲ್ಲುವ ಜಾಗದಲ್ಲೇ ನಿಲ್ಲಿಸಿತು. ಪದ ಉರ್ದುವಿನದು, ಅದರ ಜಾಗ ಮತ್ತು ಕೆಲಸ ದಕ್ಷಿಣದ್ದು. ಜಾನ್ ಗುಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನ ಇಂಥದೇ ಇನ್ನೊಂದು ಗಡಿ ಊರಿನದು. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ತಲೆಮಾರುಗಳಿಂದ ಜೊತೆಗೆ ಬಾಳಿದ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತೆಂದರೆ, ಒಂದರ ವಾಕ್ಯವನ್ನು ಪದದ ಜಾಗದಲ್ಲಿ ಪದವಿಟ್ಟು ಇನ್ನೊಂದಕ್ಕೆ ತಿರುಗಿಸಬಹುದಿತ್ತು. ಜನ ಪದಗಳನ್ನು ತಮ್ಮ ತಮ್ಮ ಗುರುತಿಗಾಗಿ ಬೇರೆಯಾಗಿಯೇ ಉಳಿಸಿಕೊಂಡು, ಹೇಳುವ ಬಗೆಯನ್ನು ಮಾತ್ರ ಒಂದಾಗಿಸಿಕೊಂಡಿದ್ದರು. ಮಾತಿನ ವರದಿ ಭಾಷೆಯಿಂದ ಭಾಷೆಗೆ ಎಡವದೆ ದಾಟುವುದು ಇಂಥ ಕಡೆ ಯಾಕೆ ಸಲೀಸು ಎಂಬುದಕ್ಕೆ ಇದೇ ಕಾರಣ. ದಾಟಬೇಕಾದ್ದು ಪದಗಳು ಮಾತ್ರ. "ಇದು ಅವನ ಮಾತು" ಎಂದು ತೋರಿಸುವ ಚೌಕಟ್ಟು ಆಚೆಯೂ ಅದೇ, ಈಚೆಯೂ ಅದೇ.

ಈಗ ಒಂದೇ ಭಾಷೆಯೊಳಗೆ ಉಳಿದು, ಕನ್ನಡದ ಒಂದು ಪುಟ್ಟ ವಾಕ್ಯವನ್ನು ಹತ್ತಿರದಿಂದ ನೋಡೋಣ. ಮನೆಯಲ್ಲಿ ಮುನಿರಾಜು ಕಾಣಿಸುತ್ತಿಲ್ಲ. ಅಣ್ಣ ಬಂದು ಕೇಳುತ್ತಾನೆ: "ಅವ್ನು ಎಲ್ಲಿಗೆ ಹೋಗ್ತೀನಿ ಅಂದ?" ಯಾವ ಕನ್ನಡಿಗನಿಗೂ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಆದರೆ ನಿಧಾನವಾಗಿ ನೋಡಿ. "ಹೋಗ್ತೀನಿ" ಎಂಬುದು ಉತ್ತಮ ಪುರುಷದ ಕ್ರಿಯಾಪದ, ಮುನಿರಾಜುವಿನ ಬಾಯಿಯ ರೂಪ. ಶಾಲೆಯ ಲೆಕ್ಕದಲ್ಲಿ ಇದು ನೇರ ಮಾತು. ಹಾಗಾದರೆ "ಎಲ್ಲಿಗೆ" ಯಾರದ್ದು? ಮುನಿರಾಜು "ಎಲ್ಲಿಗೆ" ಅಂದಿಲ್ಲ, "ಬಂಗಾರಪೇಟೆಗೆ ಹೋಗ್ತೀನಿ" ಅಂದಿದ್ದ. "ಎಲ್ಲಿಗೆ" ಅಣ್ಣನ ಪ್ರಶ್ನೆ. ತಮ್ಮನ ವಾಕ್ಯದ ನಟ್ಟನಡುವೆ ಅಣ್ಣ ತನ್ನ ಪದವನ್ನು ಕೂರಿಸಿದ್ದಾನೆ. ನೇರ ಮಾತು ಮೊಹರು ಹಾಕಿದ ಲಕೋಟೆಯಾಗಿದ್ದರೆ ಇದು ಸಾಧ್ಯವೇ ಇರಲಿಲ್ಲ. ಇಂಗ್ಲಿಷಿನಲ್ಲಿ ಹಾಗೆ ಕೇಳಲು ಬರುವುದೂ ಇಲ್ಲ. ಅಲ್ಲಿ ಪ್ರಶ್ನೆ ಒಳಗೆ ಹೋಗಬೇಕಾದರೆ "ನಾನು" ಹೊರಬಂದು "ಅವನು" ಆಗಲೇಬೇಕು. ಕನ್ನಡಕ್ಕೆ ಆ ಕಟ್ಟುಪಾಡಿಲ್ಲ. ಅರ್ಧ ವಾಕ್ಯ ಆಡಿದವನ ನೆಲೆಯಿಂದ, ಅರ್ಧ ಕೇಳುವವನ ನೆಲೆಯಿಂದ ಹೊರಟು, ನಡುವೆ ಹೊಲಿಗೆ ಕಾಣದಂತೆ ಕೂಡಿಕೊಂಡಿದೆ.

ಇದಕ್ಕಿಂತಲೂ ಸೂಕ್ಷ್ಮವಾದದ್ದು "ಮುನಿರಾಜು ತಾನೂ ಬರ್ತೀನಿ ಅಂದ" ಎಂಬ ವಾಕ್ಯ. ಮುನಿರಾಜು ಆಡಿದ್ದು "ನಾನೂ ಬರ್ತೀನಿ". "ತಾನೂ ಬರ್ತೀನಿ" ಎಂದು ತನ್ನ ಬಗ್ಗೆ ಯಾರೂ ಹೇಳಿಕೊಳ್ಳುವುದಿಲ್ಲ, ಬಿಡಿಯಾಗಿ ನಿಲ್ಲಿಸಿದರೆ ಅದು ತಪ್ಪು ಕನ್ನಡ. "ಅಂದ" ಎಂಬುದರ ಆಸರೆಯಲ್ಲಿ ಮಾತ್ರ ಅದಕ್ಕೆ ಜೀವ. "ತಾನೂ" ಎನ್ನುವಾಗ ನಾವು ಮುನಿರಾಜುವನ್ನು ಹೊರಗಿನಿಂದ ನೋಡುತ್ತಿದ್ದೇವೆ, "ಬರ್ತೀನಿ" ಎನ್ನುವಾಗ ಅವನ ಒಳಗಿನಿಂದ ಮಾತಾಡುತ್ತಿದ್ದೇವೆ. ತೆಲುಗಿನ "ತಾನೂ ವಸ್ತಾನನಿ ಅನ್ನಾಡು", ತಮಿಳಿನ "ತಾನುಂ ವರೇನ್ನು ಸೊನ್ನಾನ್" ಎರಡೂ ಇದೇ ಅಚ್ಚಿನವು. ಅಮೆರಿಕದ ತತ್ತ್ವಶಾಸ್ತ್ರಜ್ಞ ಡೇವಿಡ್ ಕಪ್ಲಾನ್ 1970ರ ದಶಕದಲ್ಲಿ ಬರೆದು 1989ರಲ್ಲಿ ಅಚ್ಚಾದ ಪ್ರಬಂಧವೊಂದರಲ್ಲಿ, "ನಾನು" ಎಂಬ ಪದ ಯಾವಾಗಲೂ ಸದ್ಯ ಮಾತಾಡುತ್ತಿರುವವರನ್ನೇ ಸೂಚಿಸುತ್ತದೆ, ನಿಜವಾದ ಉದ್ಧರಣೆಯ ಹೊರಗೆ ಅದನ್ನು ಬೇರೆಯವರತ್ತ ತಿರುಗಿಸುವ ವ್ಯಾಕರಣದ ಸಾಧನ ಇರಲಾರದು ಎಂದು ವಾದಿಸಿ, ಅಂಥ ಸಾಧನವನ್ನು "ರಾಕ್ಷಸ" ಎಂದು ಕರೆದಿದ್ದರು. 2003ರಲ್ಲಿ ಫಿಲಿಪ್ ಶ್ಲೆಂಕರ್ ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯನ್ನು ಮುಂದಿಟ್ಟು ಅಂಥ ರಾಕ್ಷಸರು ಇದ್ದಾರೆ ಎಂದು ತೋರಿಸಿದರು. ಆಮೇಲೆ ತಮಿಳು, ತೆಲುಗುಗಳ "ತಾನು" ವಾಕ್ಯಗಳೂ ಆ ಚರ್ಚೆಯಲ್ಲಿ ಮುಖ್ಯ ಸಾಕ್ಷಿಗಳಾದವು. ದೂರದ ವಿಶ್ವವಿದ್ಯಾಲಯಗಳಲ್ಲಿ ರಾಕ್ಷಸ ಎನಿಸಿಕೊಂಡದ್ದು ಬೇತಮಂಗಲದ ಸಂತೆಯಲ್ಲಿ ಯಾರೂ ತಿರುಗಿ ನೋಡದಷ್ಟು ಸಾಧಾರಣ.

ಈ ಸಡಿಲಿಕೆಯಿಂದ ಗೊಂದಲವಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ, ಆದರೆ ನಾವು ಅಂದುಕೊಳ್ಳುವಷ್ಟಲ್ಲ. "ನಾನು ನಾಳೆ ಬರ್ತೀನಿ ಅಂತ ಹೇಳ್ದ" ಎಂದಾಗ "ನಾನು" ಹೇಳಿದವನು. "ನಾನು ಮೋಸ ಮಾಡಿದೀನಿ ಅಂತ ಊರೆಲ್ಲ ಹೇಳ್ಕೊಂಡು ಬರ್ತಿದಾನೆ" ಎಂದಾಗ "ನಾನು" ಈಗ ದೂರುತ್ತಿರುವವನು. ವ್ಯಾಕರಣ ಎರಡಕ್ಕೂ ಒಂದೇ, ಬೇರೆ ಮಾಡುವುದು ಸಂದರ್ಭ. ಊರೆಲ್ಲ ತಿರುಗಿ ತನ್ನ ಮೋಸವನ್ನು ತಾನೇ ಯಾರೂ ಸಾರುವುದಿಲ್ಲ ಎಂಬ ಲೋಕಜ್ಞಾನ ಕೇಳುಗನಿಗಿದೆ. "ನಾಳೆ" ಯಾರ ನಾಳೆ ಎಂಬುದೂ ಹೀಗೆಯೇ ತೀರ್ಮಾನವಾಗುತ್ತದೆ. ನಿಜವಾಗಿ ಎರಡರ್ಥ ಬಂದ ಕಡೆ ಕೇಳುಗ "ಯಾರು, ನೀನಾ ಅವ್ನಾ?" ಎಂದು ಕೇಳಿ ಮುಂದೆ ಹೋಗುತ್ತಾನೆ. ಇಂಗ್ಲಿಷು ಈ ಹೊರೆಯನ್ನು ವ್ಯಾಕರಣದ ಮೇಲೆ ಹಾಕಿದೆ, ಕನ್ನಡ ಬಹುಮಟ್ಟಿಗೆ ಕೇಳುವವರ ಮೇಲೆ. ಒಂದು ಶಿಸ್ತಿನದು, ಇನ್ನೊಂದು ಅಶಿಸ್ತಿನದು ಎಂದು ಹೇಳುವುದಕ್ಕೆ ಆಧಾರವಿಲ್ಲ.

ನಕಲಿನ ವಾದಕ್ಕೆ ಇನ್ನೂ ದೊಡ್ಡ ತೊಡಕು ಎಂದರೆ, ಯಾರೂ ಆಡದ ಮಾತಿಗೂ ಕನ್ನಡ ಇದೇ ಚೌಕಟ್ಟನ್ನು ಬಳಸುವುದು. "ಇವತ್ತು ಮಳೆ ಬರುತ್ತೆ ಅಂತ ಛತ್ರಿ ತಂದೆ" ಎಂದವನು ಬಾಯಿ ತೆರೆದು ಏನನ್ನೂ ಹೇಳಿರಲಿಲ್ಲ, ಮನಸ್ಸಿನಲ್ಲಿ ಎಣಿಸಿದ್ದ ಅಷ್ಟೆ. ಬಿಂದಿಗೆ ದಬಕ್ ಅಂತ ಬೀಳುತ್ತದೆ, ಎಣ್ಣೆ ಚುರ್ ಅನ್ನುತ್ತದೆ, ಸುದ್ದಿ ಕೇಳಿ ಎದೆ ಧಸಕ್ ಅನ್ನುತ್ತದೆ. ಒಳ್ಳೆಯ ಮಳೆಗಾಲದಲ್ಲಿ ಬೇತಮಂಗಲದ ಕೆರೆ ತುಂಬಿಕೊಂಡು "ಇವತ್ತೋ ನಾಳೆಯೋ ಕೋಡಿ ಬೀಳ್ತೀನಿ ಅಂತಿದೆ" ಎನ್ನುವವರಿಗೆ ಕೆರೆ ಮಾತಾಡುವುದಿಲ್ಲವೆಂದು ಗೊತ್ತು. ಆದರೂ ಅದಕ್ಕೆ ಉತ್ತಮ ಪುರುಷವನ್ನೇ ಕೊಡುತ್ತಾರೆ, ಏಕೆಂದರೆ ಕೆರೆಯ ಈಗಿನ ಸ್ಥಿತಿಯನ್ನು ಅದರ ಕಡೆಯಿಂದ ಹೇಳುವುದೇ ಎಲ್ಲಕ್ಕಿಂತ ಚುರುಕಾದ ದಾರಿ. ಬಾಯಿ ಬಿಡದವನ ವರದಿಯನ್ನೂ ನಾವು ಮಾಡುತ್ತೇವೆ: "ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ." ನುಡಿ, ಯೋಚನೆ, ಸದ್ದು, ಉದ್ದೇಶ, ಮೌನ ಇವೆಲ್ಲ ಒಂದೇ ಚೌಕಟ್ಟಿನೊಳಗೆ ಕೂರುತ್ತವೆ ಎಂದರೆ ಆ ಚೌಕಟ್ಟಿನ ಕೆಲಸ ಪದ ಕಾಪಾಡುವುದು ಆಗಿರಲಾರದು. "ಈಗ ಬರುವುದು ನನ್ನ ನೆಲೆಯಿಂದಲ್ಲ, ಬೇರೊಂದು ನೆಲೆಯಿಂದ" ಎಂದು ತಿಳಿಸುವುದೇ ಅದರ ಕೆಲಸ. ಪಶ್ಚಿಮ ಆಫ್ರಿಕಾದ ಎವೆ ಭಾಷೆಯಿಂದ ನೇಪಾಳಿಯವರೆಗೆ, ಒಂದಕ್ಕೊಂದು ನಂಟಿಲ್ಲದ ಹಲವು ಭಾಷೆಗಳಲ್ಲಿ "ಅನ್ನು" ಎಂಬ ಅರ್ಥದ ಕ್ರಿಯಾಪದ ಇದೇ ರೀತಿ ಯೋಚನೆಗೂ ಕಾರಣಕ್ಕೂ ಕೊಂಡಿಯಾಗಿ ಬೆಳೆದಿದೆ. ಹಾಗಾಗಿ ಇದು ಕನ್ನಡದ ಅಥವಾ ದ್ರಾವಿಡ ಭಾಷೆಗಳ ಯಾವುದೋ ಒಂದು ವೈಚಿತ್ರ್ಯವಲ್ಲ.

ಮನೋವಿಜ್ಞಾನದ ಪುರಾವೆಯೂ ಇದೇ ಕಡೆಗೆ ವಾಲುತ್ತದೆ. 1967ರಲ್ಲಿ ಜಾಕ್ವೆಲಿನ್ ಸಾಕ್ಸ್ ಒಂದು ಸರಳ ಪ್ರಯೋಗ ಮಾಡಿದರು. ದೂರದರ್ಶಕ ಹುಟ್ಟಿದ ಬಗೆಯಂಥ ಸಣ್ಣ ಬರಹಗಳನ್ನು ಜನರಿಗೆ ಕೇಳಿಸಿ, ನಡುವೆ ನಿಲ್ಲಿಸಿ, ಹಿಂದೆ ಬಂದಿದ್ದ ಒಂದು ವಾಕ್ಯವನ್ನು ಮತ್ತೆ ಹೇಳಿ, ಅದೇ ವಾಕ್ಯವೋ ಬದಲಾಗಿದೆಯೋ ಎಂದು ಕೇಳಿದರು. ವಾಕ್ಯ ಮುಗಿದ ತಕ್ಷಣ ಕೇಳಿದರೆ ಪದಗಳ ಜಾಗ ಬದಲಾದದ್ದನ್ನೂ ಜನ ಗುರುತಿಸುತ್ತಿದ್ದರು. ನಡುವೆ 80 ಉಚ್ಚಾರಾಂಶಗಳಷ್ಟು, ಅಂದರೆ ಸುಮಾರು ಅರ್ಧ ನಿಮಿಷದಷ್ಟು ಮಾತು ಸರಿದರೆ ಸಾಕು, ಅರ್ಥ ಕೆಡದ ಬದಲಾವಣೆಗಳು ಅವರ ಗಮನಕ್ಕೇ ಬರುತ್ತಿರಲಿಲ್ಲ. ಅರ್ಥ ಬದಲಾದರೆ ಮಾತ್ರ ಥಟ್ಟನೆ ಹಿಡಿಯುತ್ತಿದ್ದರು. ಪದಗಳು ನಮ್ಮ ತಲೆಯಲ್ಲಿ ಅರ್ಧ ನಿಮಿಷವೂ ಗಟ್ಟಿಯಾಗಿ ನಿಲ್ಲುವುದಿಲ್ಲವಾದರೆ, ನಿನ್ನೆ ಸಂಜೆಯ ಜಗಳವನ್ನು ಇಂದು ಬೆಳಿಗ್ಗೆ "ನಾನು ಹೀಗಂದೆ, ಅವಳು ಹಾಗಂದಳು" ಎಂದು ಒಪ್ಪಿಸುವವರು ನಕಲು ಕೊಡುತ್ತಿಲ್ಲ, ಕೊಡಲಾರರು. 1990ರಲ್ಲಿ ಹರ್ಬರ್ಟ್ ಕ್ಲಾರ್ಕ್ ಮತ್ತು ರಿಚರ್ಡ್ ಗೆರಿಗ್ ಇದಕ್ಕೊಂದು ಸಿದ್ಧಾಂತದ ರೂಪ ಕೊಟ್ಟರು. ಅವರ ಪ್ರಕಾರ ಉದ್ಧರಣೆ ಎಂದರೆ ವಿವರಣೆಯಲ್ಲ, ಮಾಡಿ ತೋರಿಸುವುದು. ಪಕ್ಕದ ಮನೆಯ ತಾತ ಹೇಗೆ ನಡೆಯುತ್ತಾರೆ ಎಂದು ಹುಡುಗ ನಡೆದು ತೋರಿಸುವಾಗ ಬೆನ್ನು ಬಗ್ಗಿಸುತ್ತಾನೆ, ಕೋಲೂರಿದಂತೆ ಮಾಡುತ್ತಾನೆ, ಆದರೆ ತಾತನ ಪಂಚೆ ಉಟ್ಟುಕೊಳ್ಳುವುದಿಲ್ಲ. ಬೇಕಾದ್ದನ್ನು ಮಾತ್ರ ತೋರಿಸಿ ಉಳಿದದ್ದನ್ನು ಬಿಡುತ್ತಾನೆ. ಮಾತಿನ ವರದಿಯೂ ಹಾಗೆಯೇ. ಒಮ್ಮೆ ದನಿ ತೋರಿಸುತ್ತೇವೆ, ಒಮ್ಮೆ ಧಾಟಿ, ಒಮ್ಮೆ ಅರ್ಥ, ಅಪರೂಪಕ್ಕೆ ಪದಗಳನ್ನೇ. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಹೇಳುವವರ ಆಯ್ಕೆ.

ಬೇತಮಂಗಲದ ರೈತನ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ವ್ಯಾಪಾರಿ ಕೊಟ್ಟ ಭರವಸೆಯನ್ನು ಅವನು ತೋರಿಸಿದ, ಭಾಷೆಯನ್ನು ಬಿಟ್ಟ. ಬೇಕೆನಿಸಿದರೆ ಭಾಷೆಯನ್ನೂ ತೋರಿಸಬಲ್ಲ. ವ್ಯಾಪಾರಿಯ ಜಂಬವನ್ನು ಅಣಕಿಸಬೇಕಾದಾಗ ಅದೇ ರೈತ ಕನ್ನಡದ ನಡುವೆ "ಡಬ್ಬುಲು ಇಸ್ತಾನು ಅಂತಾನೆ" ಎಂದು ತೆಲುಗನ್ನೇ ಉಳಿಸಿಕೊಳ್ಳುತ್ತಾನೆ. ಹಲವು ಭಾಷೆಯ ಸಮುದಾಯಗಳಲ್ಲಿ ಜನ ಭಾಷೆ ಬದಲಿಸುವ ಮುಖ್ಯ ಸಂದರ್ಭಗಳಲ್ಲಿ ಉದ್ಧರಣೆಯೂ ಒಂದು ಎಂದು ಗುಂಪರ್ಜ್ 1982ರ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ. ಉದ್ಧರಿಸುವಾಗ ಬಳಸುವ ಭಾಷೆ ಮೂಲ ಮಾತಿನ ಭಾಷೆಯೇ ಆಗಿರಬೇಕಿಲ್ಲ. ಭಾಷೆ ಬದಲಾಯಿತು ಎಂಬುದೇ ದನಿ ಬದಲಾಯಿತು ಎಂಬುದರ ಗುರುತು. ಕೇಳುವವರ ಕಡೆಯಿಂದಲೂ ಇದಕ್ಕೆ ಬೆಂಬಲವಿದೆ. ಗ್ಲಾಸ್ಗೋದಲ್ಲಿ ಬೊ ಯಾವೊ, ಪ್ಯಾಸ್ಕಲ್ ಬೆಲಿನ್, ಕ್ರಿಸ್ಟೋಫ್ ಶೀಪರ್ಸ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸದ್ದಿಲ್ಲದೆ ಮನಸ್ಸಿನಲ್ಲೇ ಓದುತ್ತಿದ್ದವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಪರೋಕ್ಷ ಮಾತನ್ನು ಓದುವಾಗಿನದಕ್ಕಿಂತ ನೇರ ಮಾತನ್ನು ಓದುವಾಗ, ಮನುಷ್ಯರ ದನಿಗೆ ಸ್ಪಂದಿಸುವ ಶ್ರವಣ ಭಾಗಗಳು ಹೆಚ್ಚು ಚುರುಕಾಗಿದ್ದವು. ಅಲ್ಲಿ ಕೇಳಲು ಯಾವ ದನಿಯೂ ಇರಲಿಲ್ಲ. ನೇರ ಮಾತು ಓದುಗನ ತಲೆಯಲ್ಲೊಂದು ದನಿಯನ್ನು ಎಬ್ಬಿಸುತ್ತದೆ, ಆ ದನಿ ಓದುಗ ತಾನೇ ಕಟ್ಟಿಕೊಂಡದ್ದು.

ಇಷ್ಟಾದರೂ ಒಂದು ಗಂಭೀರ ಆಕ್ಷೇಪ ಉಳಿಯುತ್ತದೆ. ಪದ ಮುಖ್ಯವಲ್ಲವಾದರೆ ಯಾರು ಯಾರ ಬಾಯಿಗೆ ಏನು ಬೇಕಾದರೂ ಹಾಕಬಹುದಲ್ಲ? ಹೊಣೆ ಯಾರದ್ದು? ನಕಲಿನ ನಿಯಮ ಇಲ್ಲದಿದ್ದರೂ ಹೊಣೆಯ ನಿಯಮ ಇದೆ, ಅದೂ ವ್ಯಾಕರಣದೊಳಗೇ ಇದೆ ಎಂಬುದು ಉತ್ತರ. "ಗಣಿ ಮತ್ತೆ ತೆಗೀತಾರೆ" ಎಂದರೆ ಮಾತು ನನ್ನದು. "ಗಣಿ ಮತ್ತೆ ತೆಗೀತಾರೆ ಅಂತ ಎಂಜಿನಿಯರ್ ಹೇಳಿದ್ರು" ಎಂದರೆ ಮಾತು ಎಂಜಿನಿಯರರದ್ದು, ಅವರು ಹಾಗೆ ಹೇಳಿದ್ದು ನಿಜ ಎಂಬಷ್ಟಕ್ಕೆ ನಾನು ಹೊಣೆ. "ಗಣಿ ಮತ್ತೆ ತೆಗೀತಾರಂತೆ" ಎಂದರೆ ಮಾತು ಯಾರದ್ದೋ, ನಾನು ಕೇಳಿದ್ದು ಮಾತ್ರ ಹೌದು. ತೆಲುಗಿನ "ಅಂಟ", ತಮಿಳಿನ "ಆಂ", ದಖನಿಯ "ಕತೆ" ಮಾಡುವುದೂ ಇದನ್ನೇ. ಗಣಿ ಮುಚ್ಚಿದ ಊರಿನಲ್ಲಿ ಈ ಮೂರರ ವ್ಯತ್ಯಾಸ ಬರೀ ವ್ಯಾಕರಣದ ಮಾತಲ್ಲ, ಯಾವ ಸುದ್ದಿಯನ್ನು ನಂಬಿ ಮನೆ ಮಾರದೆ ಕಾಯಬೇಕು ಎಂಬ ಮಾತು. ಅಂತೆಕಂತೆ ಎಂದು ತಳ್ಳಿಹಾಕುವ ಜಾಣತನವನ್ನು ಭಾಷೆಯೇ ಕಲಿಸಿಕೊಟ್ಟಿದೆ. ಪದಗಳನ್ನು ಬದಲಿಸಿದ ರೈತನನ್ನು ಊರು ಕ್ಷಮಿಸುತ್ತದೆ, ವ್ಯಾಪಾರಿ ಕೊಡದ ಭರವಸೆಯನ್ನು ಕೊಟ್ಟನೆಂದು ಹೇಳಿದರೆ ಕ್ಷಮಿಸುವುದಿಲ್ಲ. ನಿಯಮ ಇರುವುದು ಪದಗಳ ಮೇಲಲ್ಲ, ಯಾರ ನೆಲೆ ಎಂಬುದರ ಮೇಲೆ, ಆ ನೆಲೆಯನ್ನು ನ್ಯಾಯವಾಗಿ ತೋರಿಸಿದೆವೇ ಎಂಬುದರ ಮೇಲೆ.

ಎರಡನೆಯ ಆಕ್ಷೇಪ ನ್ಯಾಯಾಲಯದ್ದು. ಅಲ್ಲಿ ಪದವೇ ಮುಖ್ಯವಲ್ಲವೇ? ಕೆಲವು ಕಡೆ ಖಂಡಿತ ಹೌದು. ಪೊಲೀಸ್ ದೂರುಗಳಲ್ಲಿ "ಅವಾಚ್ಯ ಶಬ್ದಗಳಿಂದ ಬೈದು" ಎಂಬ ಸಿದ್ಧ ಸಾಲಿನಲ್ಲಿ ಬೈಗುಳವೆಲ್ಲ ಅಡಗಿಹೋಗುತ್ತದೆ. ಮಾಮೂಲಿ ಗಲಾಟೆಯಲ್ಲಿ ಸಾರ ಅಷ್ಟೇ ಎಂದು ಸುಮ್ಮನಿರಬಹುದು. ಆದರೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯಿದೆಯ ಪ್ರಕರಣದಲ್ಲಿ ಜಾತಿಯ ಹೆಸರು ಹಿಡಿದು ನಿಂದಿಸಿದ್ದೇ ಅಪರಾಧವಾದಾಗ, ಆಡಿದ ಪದವನ್ನು "ಅವಾಚ್ಯ" ಎಂಬ ಮುಸುಕಿನಡಿ ಬಚ್ಚಿಟ್ಟರೆ ದೂರಿನ ತಿರುಳೇ ಹೋಗುತ್ತದೆ. ಅಲ್ಲಿ ಪದ ಬೇಕೇ ಬೇಕು. ಹಾಗೆ ಬೇಕಾದ್ದರಿಂದಲೇ ಕಾನೂನು ಅದಕ್ಕಾಗಿ ಬೇರೆ ವ್ಯವಸ್ಥೆಯನ್ನೇ ಮಾಡಿಕೊಂಡಿದೆ. ಕಿವಿಯಾರೆ ಕೇಳಿದವರೇ ಬಂದು ಹೇಳಬೇಕೆಂದು 1872ರ ಸಾಕ್ಷ್ಯ ಕಾಯಿದೆ ವಿಧಿಸಿತು. ಸಾಕ್ಷಿ ನ್ಯಾಯಾಲಯದ ಭಾಷೆ ಬಿಟ್ಟು ಬೇರೆ ಭಾಷೆಯಲ್ಲಿ ನುಡಿದರೆ, ಸಾಧ್ಯವಿದ್ದಲ್ಲಿ ಅದೇ ಭಾಷೆಯಲ್ಲಿ ಬರೆದುಕೊಳ್ಳಬಹುದು, ಇಲ್ಲವಾದರೆ ಸರಿಯಾದ ಅನುವಾದ ಸಿದ್ಧಪಡಿಸಬೇಕು ಎಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 277ನೇ ಕಲಂ ಹೇಳಿತು. ಮಾತಾಡುವವರು ತಾವಾಗಿಯೇ ನಕಲು ಕೊಡುವಂತಿದ್ದರೆ ಇಷ್ಟೆಲ್ಲ ಏರ್ಪಾಡಿನ ಅಗತ್ಯವೇ ಇರಲಿಲ್ಲ. ಏರ್ಪಾಡು ಇದ್ದರೂ ಮನುಷ್ಯನ ನೆನಪಿಗೆ ಮಿತಿ ಇದ್ದೇ ಇದೆ. 1973ರಲ್ಲಿ ವಾಟರ್‌ಗೇಟ್ ಹಗರಣದ ವಿಚಾರಣೆಯಲ್ಲಿ, ಅಮೆರಿಕದ ಶ್ವೇತಭವನದ ಕಾನೂನು ಸಲಹೆಗಾರರಾಗಿದ್ದ ಜಾನ್ ಡೀನ್, ಅಧ್ಯಕ್ಷ ನಿಕ್ಸನ್ ಜೊತೆಗಿನ ಮಾತುಕತೆಯನ್ನು ಎಷ್ಟು ವಿವರವಾಗಿ ಒಪ್ಪಿಸಿದರೆಂದರೆ, ಕೇಳಿದವರು ಅವರ ತಲೆಯೇ ಧ್ವನಿಮುದ್ರಣ ಯಂತ್ರ ಎಂದರು. ಆಮೇಲೆ ನಿಜವಾದ ಧ್ವನಿಮುದ್ರಣಗಳೇ ಹೊರಬಂದವು. ಮನೋವಿಜ್ಞಾನಿ ಉಲ್ರಿಕ್ ನೈಸರ್ 1981ರಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ, ಡೀನ್ ಹೇಳಿದ ಮಾತುಗಳು ಟೇಪಿನ ಮಾತುಗಳಿಗೆ ಹೊಂದಲಿಲ್ಲ, ಕೆಲವು ಸಲ ಆ ಭೇಟಿಯ ಸಾರಾಂಶವೂ ಹೊಂದಲಿಲ್ಲ. ಆದರೆ ಒಟ್ಟು ನಡೆದ ಸಂಗತಿಯ ಬಗ್ಗೆ, ಯಾರಿಗೆ ಏನು ಗೊತ್ತಿತ್ತು ಎಂಬುದರ ಬಗ್ಗೆ ಡೀನ್ ಹೇಳಿದ್ದು ಸರಿಯಾಗಿತ್ತು.

ಮೂರನೆಯ ಆಕ್ಷೇಪ ನಮ್ಮ ಪರಂಪರೆಯಿಂದಲೇ ಬರುತ್ತದೆ. ವೇದಪಾಠಿಗಳು ಸ್ವರ ತಪ್ಪದೆ ಸಾವಿರಾರು ವರ್ಷ ಒಪ್ಪಿಸಿಕೊಂಡು ಬಂದಿದ್ದಾರೆ. ವ್ಯಾಕರಣದಲ್ಲಿ ಹೇಳಿದ ಪದ ತನ್ನ ಅರ್ಥವನ್ನಲ್ಲ, ತನ್ನ ರೂಪವನ್ನೇ ಸೂಚಿಸುತ್ತದೆ ಎಂದು ಪಾಣಿನಿ ಸೂತ್ರವನ್ನೇ ಮಾಡಿದ್ದಾನೆ. ಸಂಸ್ಕೃತದ "ಇತಿ" ನಮ್ಮ "ಎಂದು" ಹಾಗೆ ಮಾತಿನ ಹಿಂದೆ ಬಂದು ಅದನ್ನು ಕಟ್ಟಿಹಾಕುತ್ತದೆ. ಈ ಬಳಕೆ ದ್ರಾವಿಡ ಭಾಷೆಗಳ ಪ್ರಭಾವವಿರಬಹುದು ಎಂದು ಭಾಷಾವಿಜ್ಞಾನಿ ಕ್ವೈಪರ್ 1967ರಲ್ಲಿ ವಾದಿಸಿದರೆ, ಹಾಗೆನ್ನಲು ಪುರಾವೆ ಸಾಲದು ಎಂದು ಹಾನ್ಸ್ ಹೆನ್ರಿಕ್ ಹಾಕ್ 1982ರಲ್ಲಿ ಉತ್ತರಿಸಿದರು. ಅದೇನೇ ಇರಲಿ, ಅಕ್ಷರ ತಪ್ಪದ ಉದ್ಧರಣೆ ಸಾಧ್ಯವಿದೆ ಎಂಬುದಕ್ಕೆ ಇವೆಲ್ಲ ಸಾಕ್ಷಿ. ಆದರೆ ಅದಕ್ಕೆ ತೆತ್ತ ಬೆಲೆ ನೋಡಿ: ಪದಪಾಠ, ಕ್ರಮಪಾಠ, ಘನಪಾಠ ಎಂಬ ಒಪ್ಪಿಸುವ ಕ್ರಮಗಳು, ಎಳೆತನದಿಂದ ವರ್ಷಗಟ್ಟಲೆ ಗುರುವಿನೆದುರು ಅಭ್ಯಾಸ. ವ್ಯಾಕರಣದ ಸಾಮಾನ್ಯ ಚೌಕಟ್ಟೇ ಆ ಕೆಲಸ ಮಾಡುತ್ತಿದ್ದರೆ ಈ ಪಾಠಗಳು ಹುಟ್ಟುತ್ತಲೇ ಇರಲಿಲ್ಲ. "ಎಂದು" ಯಾವುದನ್ನಾದರೂ ಹೊರುತ್ತದೆ, ಅಕ್ಷರ ತಪ್ಪದ ಮಂತ್ರವನ್ನೂ ಹೊರುತ್ತದೆ, ಕೆರೆಯ ಆಡದ ಮಾತನ್ನೂ ಹೊರುತ್ತದೆ. ಒಳಗಿನದು ಎಷ್ಟು ನಿಖರ ಎಂಬ ಖಾತರಿಯನ್ನು ಮಾತ್ರ ಅದು ಕೊಡುವುದಿಲ್ಲ.

ಆ ಖಾತರಿಯ ನಿರೀಕ್ಷೆಯನ್ನು ನಮ್ಮಲ್ಲಿ ಬೆಳೆಸಿದ್ದು ಮುಖ್ಯವಾಗಿ ಅಚ್ಚು. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಒಂದು ಸಂಪುಟವಾಗಿ ತಂದರು. ಆ ಕಲ್ಲುಗಳ ಮೇಲೆ ಉದ್ಧರಣ ಚಿಹ್ನೆ ಇಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯ ಗದ್ಯದಲ್ಲಿ ಪಾತ್ರಗಳು ಪುಟಪುಟಕ್ಕೂ ಮಾತಾಡುತ್ತವೆ, ಓಲೆಗರಿಯಲ್ಲಿ ಅದಕ್ಕೂ ಚಿಹ್ನೆ ಇರಲಿಲ್ಲ. "ಎಂದು" ಬಂದಾಗ ಮಾತು ಮುಗಿಯಿತೆಂದು ತಿಳಿಯುತ್ತಿತ್ತು, ಎಲ್ಲಿ ಶುರುವಾಯಿತು ಎಂಬುದನ್ನು ಓದುಗ ಸಂದರ್ಭದಿಂದ ಹಿಡಿಯುತ್ತಿದ್ದ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನ್ ಅಚ್ಚುಕೂಟಗಳ ಕಾಲದಲ್ಲಿ ಯುರೋಪಿನ ವಿರಾಮ ಚಿಹ್ನೆಗಳು ಕನ್ನಡಕ್ಕೆ ಬಂದವು. ಅವುಗಳ ಜೊತೆಗೆ "ಈ ಎರಡು ಗುರುತುಗಳ ನಡುವೆ ಇರುವುದು ಅವರದೇ ಪದಗಳು" ಎಂಬ ಹೊಸ ಕರಾರೂ ಬಂತು. ಕನ್ನಡದ ವಾಕ್ಯ ಆ ಕರಾರಿಗೆ ಎಂದೂ ಸಹಿ ಹಾಕಿರಲಿಲ್ಲ.

ಇದನ್ನು ಅರಿತರೆ ದಿನಪತ್ರಿಕೆ ಓದುವ ಬಗೆಯೂ ಬದಲಾಗಬೇಕು. ಕೆಜಿಎಫ್‌ನ ಹಳೆಯ ಗಣಿ ಕಾರ್ಮಿಕರೊಬ್ಬರು ತಮಿಳಿನಲ್ಲಿ ಹೇಳಿದ ಸಂಕಟ, ಮರುದಿನ ಕನ್ನಡ ಪತ್ರಿಕೆಯಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡವಾಗಿ ಬರುತ್ತದೆ. ಅದು ನಕಲಲ್ಲ ಎಂಬ ಕಾರಣಕ್ಕೆ ಮೋಸ ಎನ್ನಲಾಗದು. ವರದಿಗಾರ ಮಾಡಿದ್ದು ಬೇತಮಂಗಲದ ರೈತ ಮಾಡಿದ್ದನ್ನೇ. ಆದರೆ ಚಿಹ್ನೆ ಇದೆ ಎಂಬ ಕಾರಣಕ್ಕೆ ಅಲ್ಲಿನ ಒಂದೊಂದು ಪದವನ್ನೂ ಆ ಕಾರ್ಮಿಕರ ತಲೆಗೆ ಕಟ್ಟುವುದೂ ತಪ್ಪು. ಕೇಳಬೇಕಾದ ಪ್ರಶ್ನೆ, "ಇದೇ ಪದ ಆಡಿದರೇ?" ಎಂಬುದಕ್ಕಿಂತ ಮೊದಲು, "ಇದು ಅವರ ನೆಲೆಯೇ?" ಎಂಬುದು. ಅವರು ಸಿಟ್ಟಿನಿಂದ ಕೇಳಿದ್ದು ಇಲ್ಲಿ ಬೇಡಿಕೊಂಡಂತೆ ಕಾಣುತ್ತಿದೆಯೇ, "ಅಂತೆ" ಎಂದದ್ದು ಇಲ್ಲಿ ಖಚಿತ ಮಾತಾಗಿದೆಯೇ ಎಂದು ನೋಡಬೇಕು. ಪದ ಎಲ್ಲಿ ನಿಜಕ್ಕೂ ಮುಖ್ಯವೋ, ಜಾತಿ ನಿಂದನೆಯ ದೂರಿನಲ್ಲೋ, ಸಾಯುವವರ ಕೊನೆಯ ಹೇಳಿಕೆಯಲ್ಲೋ, ಒಪ್ಪಂದದ ಷರತ್ತಿನಲ್ಲೋ, ಅಲ್ಲಿ ಬರೆದುಕೊಳ್ಳುವ, ಧ್ವನಿ ಮುದ್ರಿಸುವ, ಮೂಲ ಭಾಷೆಯಲ್ಲೇ ದಾಖಲಿಸುವ ಶಿಸ್ತನ್ನು ಬಿಡದೆ ಪಾಲಿಸಬೇಕು, ಏಕೆಂದರೆ ಆ ಕೆಲಸವನ್ನು ವ್ಯಾಕರಣ ನಮಗಾಗಿ ಮಾಡಿಕೊಡುವುದಿಲ್ಲ. ಉಳಿದೆಲ್ಲ ಕಡೆ ಮತ್ತೊಬ್ಬರ ಬಾಯಿಯಾಗಿ ಮಾತಾಡುವ ಸ್ವಾತಂತ್ರ್ಯವನ್ನು ಭಾಷೆ ನಮಗೆ ಧಾರಾಳವಾಗಿ ಕೊಟ್ಟಿದೆ, ಅವರ ನೆಲೆಗೆ ನ್ಯಾಯ ಮಾಡುವ ಹೊಣೆಯನ್ನೂ ಅದರೊಂದಿಗೇ ಹೊರಿಸಿದೆ.